ಗಾಢ ಕೆಂಪು ವೈನಿಗೆ ಹೊಂದುವ ಊಟ

ನೀವು ಇದುವರೆಗೆ ವೈನಿನ ರುಚಿ ನೋಡಿರದಿದ್ದರೂ ಚಿಂತೆಯಿಲ್ಲ. ನೇರಳೆ ಹಣ್ಣು ತಿಂದ ನೆನಪಿದ್ದರೆ ಸಾಕು. ಹಣ್ಣು ನುಂಗಿದ ಮೇಲೆ ನಾಲಿಗೆ, ಒಸಡು ಒಣಗಿ ಬಿಗಿದುಕೊಳ್ಳುತ್ತವಲ್ಲ, ಆ ಒಗರೇ ಗಾಢ ಕೆಂಪು ವೈನಿನ ಜೀವಾಳ. ಅದರ ಜೊತೆ ಯಾವ ಊಟ ಹೊಂದುತ್ತದೆ ಎಂಬುದೂ ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ.

ಕಪ್ಪು ದ್ರಾಕ್ಷಿಯನ್ನು ಹಿಂಡಿ ನೋಡಿ. ಹೆಚ್ಚಿನ ಜಾತಿಗಳಲ್ಲಿ ರಸಕ್ಕೆ ಬಣ್ಣವೇ ಇರುವುದಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನಿಗಾಗಿ ರಸವನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಿಸುತ್ತಾರೆ. ಆಗ ಬಣ್ಣದ ಜೊತೆಗೆ ಟ್ಯಾನಿನ್ ಎಂಬ ಒಗರಿನ ಅಂಶವೂ ರಸಕ್ಕೆ ಇಳಿಯುತ್ತದೆ.

ಒಂದಕ್ಕಿಂತ ಹೆಚ್ಚು ಜಾತಿಯ ದ್ರಾಕ್ಷಿಗಳ ವೈನನ್ನು ಬೆರೆಸಿದರೆ ಅದು ಬ್ಲೆಂಡ್. ಹೊಸಬರಿಗೆ ನಾನು ಮೊದಲು ತೋರಿಸುವುದು ಕ್ಯಾಬರ್ನೆ ಸಾವಿನ್ಯೋ ಮತ್ತು ಶಿರಾಜ್ ಸೇರಿದ ಬ್ಲೆಂಡನ್ನು. ಕ್ಯಾಬರ್ನೆ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಹಾಗಾಗಿ ಒಗರು ಹೆಚ್ಚು. ಇದರ ವೈನ್ ಬಾಯಿಗೆ ಬಿದ್ದ ಕೂಡಲೇ ರುಚಿ ಎದ್ದು ಬರುತ್ತದೆ, ನುಂಗಿದ ಮೇಲೂ ಬಹಳ ಹೊತ್ತು ನಿಲ್ಲುತ್ತದೆ, ಆದರೆ ನಡುವೆ ಕೊಂಚ ತೆಳುವೆನಿಸುತ್ತದೆ. ಆ ನಡುವನ್ನು ತುಂಬುವುದು ಶಿರಾಜ್. ಫ್ರಾನ್ಸಿನದೇ ರೋನ್ ಕಣಿವೆಯಲ್ಲಿ ಇದೇ ದ್ರಾಕ್ಷಿಗೆ ಸಿರಾ ಎನ್ನುತ್ತಾರೆ. 19ನೇ ಶತಮಾನದಲ್ಲಿ ಬೋರ್ಡೋದ ವರ್ತಕರು ತಮ್ಮ ವೈನಿಗೆ ಮೈ ತುಂಬಲೆಂದು ಸಿರಾ ಬೆರೆಸುವುದಿತ್ತು. ಇಂದು ಬೋರ್ಡೋ ಹೆಸರಿನ ವೈನಿಗೆ ಆ ಬೆರಕೆ ಸಲ್ಲದು. ಈ ಜೋಡಿ ಬೇರುಬಿಟ್ಟದ್ದು ಆಸ್ಟ್ರೇಲಿಯಾದಲ್ಲಿ. ಪೆನ್‌ಫೋಲ್ಡ್ಸ್ ಸಂಸ್ಥೆಯ ಮ್ಯಾಕ್ಸ್ ಶುಬರ್ಟ್ 1960ರಲ್ಲಿ ಆರಂಭಿಸಿದ ‘ಬಿನ್ 389’ ಅಲ್ಲಿನ ಹೆಸರಾಂತ ಮಾದರಿ. ನಮ್ಮ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ಸಂಸ್ಥೆಯ ‘ಲಾ ರಿಸರ್ವ್’ ಕೂಡ ಇದೇ ಜೋಡಿಯದು.

ಕುಡಿಯುವ ಮುನ್ನ ಸ್ವಲ್ಪ ಸಿದ್ಧತೆ ಬೇಕು. ಈ ವೈನಿಗೆ ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಒಪ್ಪುತ್ತದೆ. ನಮ್ಮ ಮನೆಗಳು ಅದಕ್ಕಿಂತ ಬೆಚ್ಚಗಿರುವುದರಿಂದ ಬಾಟಲಿಯನ್ನು 20 ನಿಮಿಷ ಫ್ರಿಜ್ಜಿನಲ್ಲಿಡಿ. ಲೋಟದ ಮೂರನೇ ಒಂದು ಭಾಗ ಮಾತ್ರ ಸುರಿದು ಮೆಲ್ಲಗೆ ತಿರುಗಿಸಿ, ಪರಿಮಳ ನೋಡಿ. ಕಪ್ಪು ಹಣ್ಣುಗಳ ವಾಸನೆಯ ಹಿಂದೆ ಕಾಳುಮೆಣಸು ಸುಳಿದರೆ ಅದು ನಿಮ್ಮ ಕಲ್ಪನೆಯಲ್ಲ. ಮೆಣಸಿಗೆ ಅದರ ಘಮ ಕೊಡುವ ರೋಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಗುರುತಿಸಿದರು. ಮಲೆನಾಡು, ಕೊಡಗಿನ ಅಡುಗೆ ಬಲ್ಲವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಯಾವುದಿದ್ದೀತು!

ಈಗ ಊಟಕ್ಕೆ ಬರೋಣ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿ ಒಣಗುವುದು ಅದಕ್ಕೇ. ಬಾಯಲ್ಲಿ ಮಾಂಸವಿದ್ದರೆ ಅದರ ಪ್ರೋಟೀನು, ಕೊಬ್ಬು ಟ್ಯಾನಿನ್ನಿನ ಬಿರುಸನ್ನು ತಗ್ಗಿಸುತ್ತವೆ. ನೀವೇ ಪರೀಕ್ಷಿಸಿ: ಮೊದಲು ಬರೀ ವೈನ್ ಒಂದು ಗುಟುಕು, ಆಮೇಲೆ ಕೊಬ್ಬಿರುವ ಮಟನ್ ಪೆಪ್ಪರ್ ಫ್ರೈಯ ಒಂದು ತುಂಡು, ಮತ್ತೆ ಒಂದು ಗುಟುಕು. ಎರಡನೆಯ ಗುಟುಕಿನಲ್ಲಿ ಒಗರು ಹಿಂದೆ ಸರಿದು ಹಣ್ಣಿನ ರುಚಿ ಮುಂದೆ ಬರುತ್ತದೆ. ಈ ವ್ಯತ್ಯಾಸ ಒಮ್ಮೆ ತಿಳಿದರೆ ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ನನ್ನ ಮಟ್ಟಿಗೆ ಕೊಡಗಿನ ಪಂದಿ ಕರಿಯಷ್ಟು ಚೆನ್ನಾಗಿ ಈ ವೈನಿಗೆ ಒಗ್ಗುವ ಇನ್ನೊಂದು ಖಾದ್ಯ ನಮ್ಮಲ್ಲಿಲ್ಲ. ಹಂದಿಯ ಕೊಬ್ಬು ಒಗರನ್ನು ಪಳಗಿಸುತ್ತದೆ, ಮೆಣಸು ಶಿರಾಜಿನೊಡನೆ ಬೆರೆಯುತ್ತದೆ, ಅದಕ್ಕೆ ಹಾಕುವ ಕಾಚಂಪುಳಿ ಎಂಬ ಹುಳಿರಸ ಮುಂದಿನ ತುತ್ತಿಗೆ ನಾಲಿಗೆಯನ್ನು ಹಗುರ ಮಾಡುತ್ತದೆ.

ಒಣಮೆಣಸಿನಕಾಯಿಯ ಖಾರ ಮಾತ್ರ ಬೇರೆ ಮಾತು. ವೈನಿನ ಆಲ್ಕೋಹಾಲ್ ಆ ಉರಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಆದ್ದರಿಂದ ಕೆಂಪು ಖಾರದ ಸಾರು ದೂರವಿರಲಿ. ಮೀನಿಗೂ ಇದು ಸಲ್ಲದು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನೊಡನೆ ಸೇರಿದಾಗ ಬಾಯಲ್ಲಿ ಒಂದು ಕೆಟ್ಟ ವಾಸನೆ ಉಳಿಯುತ್ತದೆ.

ಸಸ್ಯಾಹಾರಿಗಳು ನಿರಾಶರಾಗಬೇಕಿಲ್ಲ. ಬೆಣ್ಣೆಯಲ್ಲಿ ಹುರಿದು ಮೆಣಸಿನ ಪುಡಿ ಉದುರಿಸಿದ ಅಣಬೆ, ಕೆಂಡದಲ್ಲಿ ಸುಟ್ಟ ಪನೀರ್, ಹಳೆಯ ಗಟ್ಟಿ ಚೀಸ್ ಇವೆಲ್ಲ ಚೆನ್ನಾಗಿ ಹೊಂದುತ್ತವೆ. ಬದನೆಕಾಯಿ ಎಣ್ಣೆಗಾಯಿಯೂ ಆದೀತು, ಹುಣಸೆಹಣ್ಣು ಮತ್ತು ಖಾರದ ಪುಡಿಯನ್ನು ಅರ್ಧಕ್ಕಿಳಿಸಿ, ಕಡಲೆಕಾಯಿ, ಎಳ್ಳನ್ನು ಧಾರಾಳವಾಗಿ ಹಾಕಿದರೆ.