ಗುರುವೂ ಒಂದು ಅಮಾನತ್ತಿನ ಕಾವಲುಗಾರ

ನಮ್ಮ ಯಾಪಲದಿನ್ನಿಯಲ್ಲಿ ಮಗುವನ್ನು ಮೊದಲ ಸಲ ಪಾಠಕ್ಕೆ ಕರೆತರುವ ತಂದೆ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಚರ್ಮ ನಿಮ್ಮದು, ಎಲುಬು ನಮ್ಮದು, ಹಜ್ರತ್." ಈ ಮಾತು ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಒಡವೆ, ಹಣ ಮಾತ್ರ ಅಮಾನತ್ತೇ? ಒಬ್ಬರು ನಮ್ಮ ಮೇಲಿಟ್ಟ ನಂಬಿಕೆಯೂ ಅಮಾನತ್ತೇ ಆಗಿದೆ. ಅದಕ್ಕೆ ದ್ರೋಹ ಬಗೆದವನು ಎಲ್ಲಿಯವರೆಗೆ ಹೋಗಬಲ್ಲ?

ದಕ್ಷಿಣ ಕನ್ನಡ ಜಿಲ್ಲೆಯ ಮೋಹನ್ ಕುಮಾರ್ ಎಂಬಾತ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಅವನು ಬಡ ಮನೆಗಳ ಯುವತಿಯರ ಪರಿಚಯ ಮಾಡಿಕೊಂಡು, ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ನಂಬಿಸಿ ಪರವೂರಿಗೆ ಕರೆದೊಯ್ಯುತ್ತಿದ್ದ. ಔಷಧವೆಂದು ಹೇಳಿ ಸಯನೈಡ್ ಕೊಟ್ಟು ಕೊಂದು, ಅವರ ಒಡವೆಗಳೊಂದಿಗೆ ಮರಳುತ್ತಿದ್ದ. 2003ರಿಂದ 2009ರವರೆಗೆ 20 ಯುವತಿಯರನ್ನು ಕೊಂದ ಆರೋಪ ಅವನ ಮೇಲಿತ್ತು. 2009ರ ಅಕ್ಟೋಬರ್‌ನಲ್ಲಿ ಅವನ ಬಂಧನವಾಯಿತು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. 2017ರಲ್ಲಿ ಒಂದು ಪ್ರಕರಣದಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2020ರ ಜೂನ್‌ನಲ್ಲಿ ಕೊನೆಯ, 20ನೆಯ ಪ್ರಕರಣದಲ್ಲೂ ಅವನು ಅಪರಾಧಿಯೆಂಬ ತೀರ್ಪು ಬಂತು.

ಉನ್ನತ ವಿದ್ಯಾವಂತರು ಇಂತಹ ಕೃತ್ಯ ಎಸಗಲಾರರು ಎನ್ನಬಹುದು. ಆದರೆ 1849ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಜಾನ್ ವೆಬ್‌ಸ್ಟರ್, ತನಗೆ ಸಾಲ ಕೊಟ್ಟಿದ್ದ ಜಾರ್ಜ್ ಪಾರ್ಕ್‌ಮನ್‌ರನ್ನು ಕಾಲೇಜಿನ ಕಟ್ಟಡದಲ್ಲೇ ಕೊಂದ. ಮರುವರ್ಷ ಗಲ್ಲಿಗೇರಿದ. ವಿದ್ಯೆ ನಾಲಗೆಯನ್ನು ತಿದ್ದಬಹುದು. ಕೈಯನ್ನು ತಡೆಯುವುದು ದೇವಭಯ ಮಾತ್ರ.

ಇಲ್ಲಿ ನಮ್ಮ ಪಾಲೇನೂ ಇಲ್ಲವೇ? "ವರದಕ್ಷಿಣೆ ಬೇಡ" ಎಂಬ ಒಂದೇ ಮಾತಿಗೆ ಆ ಹೆಣ್ಣುಮಕ್ಕಳು ಏಕೆ ಮರುಳಾದರು? ಮದುವೆಯನ್ನು ಬಡವರ ಕೈಗೆಟುಕದಂತೆ ಮಾಡಿದವರು ಯಾರು? ವಿವಾಹದಲ್ಲಿ ಮಹ್ರ್ ಕೊಡಬೇಕಾದವನು ವರನೆಂದು ಅನ್ನಿಸಾ ಅಧ್ಯಾಯ ಕಲಿಸುತ್ತದೆ. ನಾವಾದರೋ ಹತ್ತಿ ಬಿಡಿಸಿ ಕೂಡಿಟ್ಟ ತಾಯಿಯ ಕೂಲಿಯನ್ನು ಜೋಡೆಯ ಹಣವೆಂದು ಎಣಿಸಿಕೊಳ್ಳುತ್ತೇವೆ. ಹೀಗೆ ಕೇಳುವವರಿರುವ ತನಕ, "ಬೇಡ" ಎಂದು ನಟಿಸುವ ಮೋಸಗಾರನಿಗೆ ದಾರಿ ತೆರೆದೇ ಇರುತ್ತದೆ.

ನಿಕಾಹ್‌ಗೆ ಹೆಣ್ಣಿನ ವಲೀ ಇರಬೇಕು, ಸಾಕ್ಷಿಗಳಿರಬೇಕು, ಅದು ನಾಲ್ಕು ಜನರಿಗೆ ತಿಳಿಯಬೇಕು ಎಂಬುದು ಹೆಣ್ಣಿನ ರಕ್ಷಣೆಗಾಗಿಯೂ ಇದೆ. ಗುಟ್ಟಾಗಿ ಬಾ ಎನ್ನುವವನು ಎಷ್ಟೇ ಗೌರವಸ್ಥನಾದರೂ ಅವನನ್ನು ನಂಬಬಾರದೆಂದು ಮಗಳಿಗೆ ಹೇಳಿಕೊಡಿ. ಅವಳು ತಪ್ಪಿ ನಡೆದರೂ ಮನೆಯ ಬಾಗಿಲು ಮುಚ್ಚಬೇಡಿ. ಕಾಣೆಯಾದರೆ ಮಾನಕ್ಕಂಜಿ ಸುಮ್ಮನಿರದೆ ಕೂಡಲೇ ಪೊಲೀಸರಿಗೆ ತಿಳಿಸಿ. ಮಾನಕ್ಕಿಂತ ಜೀವ ದೊಡ್ಡದು.

ಗುರುವನ್ನು ಗೌರವಿಸಿ, ಆದರೆ ವಿಚಾರಿಸುವುದನ್ನು ಬಿಡಬೇಡಿ. ಇಂದು ಏನು ಕಲಿತೆ, ಯಾರೊಂದಿಗಿದ್ದೆ, ಯಾವುದಕ್ಕಾದರೂ ಹೆದರಿದೆಯಾ ಎಂದು ಮಗುವನ್ನು ದಿನವೂ ಕೇಳಿ. ನನ್ನ ವಿಷಯದಲ್ಲೂ ಕೇಳಿ, ನನಗೆ ಬೇಸರವಿಲ್ಲ. ಚರ್ಮ ನನ್ನದಲ್ಲ, ಎಲುಬು ನಿಮ್ಮದಲ್ಲ, ಎರಡೂ ಅಲ್ಲಾಹನವು. ಲೆಕ್ಕ ಕೊಡಬೇಕಾದವರು ಮಾತ್ರ ನಾವಿಬ್ಬರೂ.

ಅಮಾನತ್ತನ್ನು ಕಾಪಾಡುವ ಶಕ್ತಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.