ಸಾರಥ್ಯಕ್ಕೂ ಅಧಿಕಾರ ಬೇಕು

ಯಾವ ಶಾಸ್ತ್ರದ ಅಧ್ಯಯನವನ್ನೇ ಆರಂಭಿಸಲಿ, ಮೊದಲು ಕೇಳಬೇಕಾದ ಪ್ರಶ್ನೆ 'ಇದಕ್ಕೆ ಅಧಿಕಾರಿ ಯಾರು?' ಎಂಬುದು. ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ಪಾಠಶಾಲೆಯ ಮೊದಲ ದಿನಗಳಲ್ಲಿಯೇ ಗುರುಗಳು ನಮಗೆ ಬಾಯಿಪಾಠ ಮಾಡಿಸಿದ್ದರು. ಅಧಿಕಾರವಿಲ್ಲದವನು ಕೈಗೊಂಡ ಕಾರ್ಯವು ಫಲವನ್ನು ಕೊಡದಿರುವುದಷ್ಟೇ ಅಲ್ಲ, ಅನರ್ಥಕ್ಕೂ ಕಾರಣವಾಗುತ್ತದೆ. ಈ ಮಾತಿನ ಅರ್ಥವು ಗ್ರಂಥದ ಹೊರಗೆ, ನಡುಬೀದಿಯಲ್ಲಿ ನಮಗೆ ಮನದಟ್ಟಾದ ಪ್ರಸಂಗವೊಂದನ್ನು ಆಸ್ತಿಕ ಬಂಧುಗಳ ಮುಂದಿಡುತ್ತಿದ್ದೇವೆ.

ಅಂದು ಗುರುವಾರ. ಜಯನಗರದ ಐದನೆಯ ಬ್ಲಾಕಿನ ರಾಯರ ಮಠದಲ್ಲಿ ದರ್ಶನ ಮಾಡಿಕೊಂಡು ಸಂಜೆ ನಾಲ್ಕನೆಯ ಬ್ಲಾಕಿನ ಕಡೆಗೆ ನಡೆದು ಬರುತ್ತಿದ್ದೆವು. ನಮ್ಮ ಮುಂದೆ ಎಪ್ಪತ್ತು ದಾಟಿದ ತಾಯಿಯೊಬ್ಬರು. ಒಂದು ಕೈಯಲ್ಲಿ ಪ್ರಸಾದದ ಚೀಲ, ಇನ್ನೊಂದರಲ್ಲಿ ಮೊಮ್ಮಗನ ಕೈ. ಕೆಂಪು ದೀಪ ಬಿದ್ದು ವಾಹನಗಳು ನಿಂತ ಮೇಲೆಯೇ ಅವರು ಬಿಳಿಯ ಪಟ್ಟೆಗಳ ಮೇಲೆ ಹೆಜ್ಜೆಯಿಟ್ಟರು. ಅಷ್ಟರಲ್ಲಿ ನಿಂತ ವಾಹನಗಳ ಎಡಬದಿಯಿಂದ ಕಾರೊಂದು ನುಗ್ಗಿ ಬಂದಿತು. ಚಾಲಕನ ದೃಷ್ಟಿ ಕೈಯಲ್ಲಿದ್ದ ಮೊಬೈಲಿನ ಮೇಲೆ. ಪಾದಚಾರಿ ಮಾರ್ಗದಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಹೆಣ್ಣುಮಗಳು ಥಟ್ಟನೆದ್ದು ಅಜ್ಜಿಯ ಸೆರಗನ್ನೂ ಮಗುವಿನ ತೋಳನ್ನೂ ಹಿಡಿದು ಹಿಂದಕ್ಕೆಳೆದರು. ಕಾರಿನ ಕನ್ನಡಿ ತಗುಲಿ ಚೀಲ ಹರಿಯಿತು. ಕಲ್ಲುಸಕ್ಕರೆ ರಸ್ತೆಯಲ್ಲೆಲ್ಲ ಚೆಲ್ಲಿತು. ಗೇಣುದ್ದದ ಅಂತರದಲ್ಲಿ ಎರಡು ಜೀವಗಳು ಉಳಿದವು. ನಾವು ನಿಂತಲ್ಲಿಯೇ ನಿಂತಿದ್ದೆವು.

ಕಾರು ಮುಂದೆ ಹೋಗಿ ನಿಂತಿತು. ಇಳಿದವನು ಇನ್ನೂ ಮೀಸೆ ಚಿಗುರದ ಹುಡುಗ. ಹದಿನೆಂಟು ತುಂಬಿಲ್ಲವೆಂದು ನಾವು ಬಲ್ಲೆವು. ಏಕೆಂದರೆ ಅವನ ಉಪನಯನದಲ್ಲಿ ನಮ್ಮ ತೀರ್ಥರೂಪರೊಡನೆ ನಾವೂ ಇದ್ದೆವು. ಸುದ್ದಿ ತಿಳಿದು ಧಾವಿಸಿ ಬಂದ ಅವನ ತಂದೆಯವರು, "ಏನೂ ಆಗಲಿಲ್ಲವಲ್ಲ ಆಚಾರ್ಯರೇ, ರಾಯರು ಕಾಪಾಡಿದರು" ಎಂದರು. ನಾವು ತಲೆಯಾಡಿಸಿದೆವು. ಅವರು ನಮಗೆ ಬೇಕಾದವರು, ಉದಾರಿಗಳು ಎಂಬ ದಾಕ್ಷಿಣ್ಯವು ನಮ್ಮ ನಾಲಗೆಯನ್ನು ಕಟ್ಟಿತ್ತು. ಮನೆಯಲ್ಲಿ ಇದನ್ನು ಹೇಳಿದಾಗ ತೀರ್ಥರೂಪರು ಕೇಳಿದ್ದು ಇಷ್ಟೇ: "ರಾಯರು ಕಾಪಾಡಿದ್ದು ನಿಜ. ಅದಕ್ಕೆ ಆ ಹೂವಿನವಳ ಕೈ ಒದಗಿತು. ನಿನ್ನ ಬಾಯಿ ಯಾವುದಕ್ಕೆ ಒದಗಿತು?" ಈ ಲೇಖನವು ಆ ಪ್ರಶ್ನೆಗೆ ತಡವಾದ ಉತ್ತರ.

ಮೊದಲು ಲೌಕಿಕವಾದ ವಿಧಿಯನ್ನು ನೋಡೋಣ. 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಕಾರನ್ನು ನಡೆಸುವ ಅಧಿಕಾರವು 18 ವರ್ಷ ತುಂಬಿ ಪರವಾನಗಿ ಪಡೆದವರಿಗೆ ಮಾತ್ರ. 2019ರ ತಿದ್ದುಪಡಿಯು ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರನ್ನೇ ಅಥವಾ ವಾಹನದ ಒಡೆಯರನ್ನೇ ಹೊಣೆ ಮಾಡಿದೆ. ಮೂರು ವರ್ಷಗಳವರೆಗೆ ಕಾರಾಗೃಹ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯೂ ದೊರೆಯದು. ಕೆಂಪು ದೀಪವನ್ನು ಮೀರುವುದೂ ಮೊಬೈಲು ಹಿಡಿದು ವಾಹನ ನಡೆಸುವುದೂ ಅಪಾಯಕಾರಿ ಚಾಲನೆಯೆಂದೇ ಎಣಿಸಲ್ಪಡುತ್ತವೆ.

ವೇಗದ ಲೆಕ್ಕವನ್ನೂ ಮಕ್ಕಳಿಗೆ ತಿಳಿಸಬೇಕು. ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಓಡುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತುವುದರೊಳಗೇ ಇಷ್ಟು ದೂರ ಕಳೆದಿರುತ್ತದೆ. ಆಮೇಲೆ ನಿಲ್ಲುವುದಕ್ಕೆ ಒಣ ರಸ್ತೆಯಲ್ಲಿಯೂ ಸುಮಾರು 20 ಮೀಟರು ಬೇಕು. ವೇಗವು ಇಮ್ಮಡಿಯಾದರೆ ಹೊಡೆತದ ಶಕ್ತಿಯು ನಾಲ್ಮಡಿಯಾಗುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅತಿವೇಗವೇ ಅದರ ಪ್ರಧಾನ ಕಾರಣ.

ಇನ್ನು ತತ್ತ್ವವಿಚಾರ. ಶರೀರವನ್ನು ರಥಕ್ಕೂ ಬುದ್ಧಿಯನ್ನು ಸಾರಥಿಗೂ ಮನಸ್ಸನ್ನು ಕಡಿವಾಣಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಕಠೋಪನಿಷತ್ತು ಹೋಲಿಸಿರುವುದು ಪ್ರಸಿದ್ಧ. ಕುದುರೆಗಳು ಬಲವಾಗಿದ್ದು ಸಾರಥಿ ಎಳೆಯವನಾದರೆ ರಥದ ಗತಿಯೇನು? ನಾವು ಮಗನ ಕೈಗೆ ನೂರು ಕುದುರೆಗಳ ಬಲದ ಯಂತ್ರವನ್ನು ಕೊಟ್ಟು, ಕಡಿವಾಣದ ಮಾತನ್ನು ಮರೆತಿದ್ದೇವೆ.

"ಎಲ್ಲವೂ ಹರಿಯ ಅಧೀನವಲ್ಲವೆ, ಆಯುಸ್ಸಿದ್ದವರು ಬದುಕುತ್ತಾರೆ" ಎಂದು ಕೆಲವರು ಸಮಾಧಾನ ಹೇಳಬಹುದು. ಎಲ್ಲವೂ ಹರ್ಯಧೀನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನೂ ಕರ್ತೃವೆಂದು ನಿರ್ಣಯವಾಗಿದೆ. ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ 'ಹೀಗೆ ಮಾಡು, ಹೀಗೆ ಮಾಡಬೇಡ' ಎಂಬ ಶಾಸ್ತ್ರವೇ ವ್ಯರ್ಥವಾಗುತ್ತದೆ. ಆ ಕರ್ತೃತ್ವವು ಪರಮಾತ್ಮನ ಅಧೀನವಾದುದೆಂಬುದು ಸಿದ್ಧಾಂತವೇ ಹೊರತು, ಇಲ್ಲವೆಂಬುದು ಸಿದ್ಧಾಂತವಲ್ಲ. ಆದ್ದರಿಂದ ಉಳಿದ ಜೀವಕ್ಕಾಗಿ ದೇವರನ್ನೂ ಗುರುಗಳನ್ನೂ ಸ್ತುತಿಸಬೇಕು. ತಪ್ಪಿಗಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಗುರುಗಳ ಕಾರುಣ್ಯವನ್ನು ನಮ್ಮ ಅಜಾಗರೂಕತೆಗೆ ಹೊದಿಕೆಯಾಗಿ ಮಾಡಿಕೊಳ್ಳುವುದು ಭಕ್ತಿಯಲ್ಲ.

ನೋಡುತ್ತ ನಿಲ್ಲುವವರಿಗೂ ಕರ್ತವ್ಯವುಂಟು. ಅಪಾಯವನ್ನು ಕಂಡರೆ 112ಕ್ಕೆ ಕರೆ ಮಾಡಬಹುದು. ಗಾಯಗೊಂಡವರಿಗೆ ಸದ್ಭಾವದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡಬಾರದೆಂದು 2019ರ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. ಪೊಲೀಸರ ಭಯವೆಂಬ ಹಳೆಯ ನೆಪಕ್ಕೆ ಈಗ ಆಧಾರವಿಲ್ಲ.

ಅಚ್ಚಿಗೆ ಕೊಡುವ ಮೊದಲು ಈ ಲೇಖನವನ್ನು ಆ ಗೃಹಸ್ಥರ ಮನೆಗೆ ಹೋಗಿ ಓದಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಪ್ರಕಟವಾಗಲಿ ಆಚಾರ್ಯರೇ. ಹೆಸರೊಂದು ಬೇಡ" ಎಂದರು. ಕಾರಿನ ಬೀಗದ ಕೈ ಈಗ ಅವರ ಮಡದಿಯ ಬೀರುವಿನಲ್ಲಿದೆ. ಹುಡುಗನು ತಂದೆಯೊಡನೆ ಹೋಗಿ ಹೂವಿನವರಿಗೂ ಆ ತಾಯಿಗೂ ನಮಸ್ಕರಿಸಿ ಬಂದನೆಂದು ತಿಳಿದು ಸಂತೋಷವಾಯಿತು.

ಉಪನಯನಕ್ಕೆ ವಯಸ್ಸನ್ನು ನೋಡುವ ನಾವು ಸಾರಥ್ಯಕ್ಕೂ ನೋಡೋಣ. ಬೀಗದ ಕೈಯನ್ನು ಕೊಡುವ ಮುನ್ನ ಪ್ರತಿ ಮನೆಯಲ್ಲಿಯೂ ಪಾಠಶಾಲೆಯ ಆ ಮೊದಲ ಪ್ರಶ್ನೆ ಕೇಳಿಬರಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥