ಜ್ವರ ಇಳಿದ ಮೇಲೂ ಜಾಗ್ರತೆ: ಎಚ್‌ಐವಿ ಇದ್ದವರಲ್ಲಿ ರೋಗ ಮರುಕಳಿಸುವುದೇಕೆ?

ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಆರೋಗ್ಯವಂತ ಕಾಯವೇ ಆಧಾರ. ರೋಗ ಬಂದಾಗ ಔಷಧ ಸೇವಿಸುತ್ತೇವೆ. ಜ್ವರ ಇಳಿದೊಡನೆ ಗುಣವಾಯಿತೆಂದು ಭಾವಿಸುತ್ತೇವೆ. ಚರಕಸಂಹಿತೆಯ ಜ್ವರಚಿಕಿತ್ಸಾ ಅಧ್ಯಾಯವು ಈ ವಿಷಯದಲ್ಲಿ ಎಚ್ಚರಿಸಿದೆ. ಜ್ವರ ಬಿಟ್ಟರೂ ಬಲ ಮರಳದವನು ಅಪಥ್ಯ ಮಾಡಿದರೆ ಜ್ವರವು ಪುನಃ ಆವರಿಸುವುದೆಂಬುದು ಅದರ ತಾತ್ಪರ್ಯ. ಎಚ್‌ಐವಿ ಸೋಂಕುಳ್ಳವರು ಈ ಮಾತನ್ನು ವಿಶೇಷವಾಗಿ ಮನನ ಮಾಡಬೇಕು.

ಕಾರಣವನ್ನು ನೋಡೋಣ. ದೇಹದಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಿವೆ. ಒಳನುಗ್ಗಿದ ರೋಗಾಣುವನ್ನು ನುಂಗಿ ನಾಶಪಡಿಸುವುದು ಅವುಗಳ ಕೆಲಸ. ಆದರೆ ಕೆಲವು ರೋಗಾಣುಗಳು ಸಾಯದೆ ಆ ಕೋಶದೊಳಗೇ ಮನೆ ಮಾಡಿಕೊಳ್ಳುತ್ತವೆ. ಅವನ್ನು ಕೊಲ್ಲಲು ಭಕ್ಷಕ ಕೋಶಕ್ಕೆ ಸಿಡಿ4 ಎಂಬ ಬಿಳಿ ರಕ್ತಕಣಗಳ ಪ್ರಚೋದನೆ ಬೇಕು. ಎಚ್‌ಐವಿ ನಾಶಮಾಡುವುದು ಈ ಸಿಡಿ4 ಕಣಗಳನ್ನೇ. ಆಗ ಕಾವಲುಗಾರರಿದ್ದೂ ಅಪ್ಪಣೆ ಕೊಡುವವರಿಲ್ಲದಂತಾಗುತ್ತದೆ. ಅಡಗಿದ್ದ ರೋಗಾಣು ಮತ್ತೆ ತಲೆಯೆತ್ತುತ್ತದೆ.

ಇದಕ್ಕೆ ಸ್ಪಷ್ಟ ನಿದರ್ಶನ ಕಾಲಾ ಅಜಾರ್. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಹಾಗೂ ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಮರಳು ನೊಣದ ಕಡಿತದಿಂದ ಹರಡುವ ಈ ರೋಗದಲ್ಲಿ ದೀರ್ಘ ಜ್ವರ, ಪ್ಲೀಹದ ವೃದ್ಧಿ, ರಕ್ತಹೀನತೆ, ಕೃಶತೆ ಕಾಣುತ್ತವೆ. ಅಲ್ಲಿ ಸಾಮಾನ್ಯ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಔಷಧವನ್ನು ಒಂದೇ ಬಾರಿ ರಕ್ತನಾಳದ ಮೂಲಕ ಕೊಡುತ್ತಾರೆ. ಎಚ್‌ಐವಿಯೂ ಇದ್ದರೆ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಸೂಚನೆಯಂತೆ ಅದೇ ಔಷಧವನ್ನು ಹಲವು ದಿನಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ ಒಟ್ಟು 30 ಮಿಲಿಗ್ರಾಂನಷ್ಟು ಕೊಟ್ಟು, ಜೊತೆಗೆ 14 ದಿನ ಮಿಲ್ಟೆಫೊಸಿನ್ ನುಂಗಿಸಬೇಕು. ಇಷ್ಟಾದರೂ ಸಿಡಿ4 ಸಂಖ್ಯೆ 200ಕ್ಕಿಂತ ಕೆಳಗಿದ್ದವರಲ್ಲಿ ರೋಗ ಮರಳುವ ಸಂಭವ ಹೆಚ್ಚು. ಆ ಸೀಮೆಯಿಂದ ನಮ್ಮಲ್ಲಿಗೆ ದುಡಿಯಲು ಬಂದವರಿಗೆ ಎರಡು ವಾರ ಮೀರಿದ ಜ್ವರವಿದ್ದರೆ, ತಮ್ಮ ಮೂಲ ಊರನ್ನು ವೈದ್ಯರಿಗೆ ಅವಶ್ಯ ತಿಳಿಸಬೇಕು.

ಕಾಲಾ ಅಜಾರ್ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದ ರೋಗವಲ್ಲ. ಆದರೆ ಅದೇ ಬಗೆಯಲ್ಲಿ ಭಕ್ಷಕ ಕೋಶದೊಳಗೆ ಅಡಗುವ ಕ್ಷಯ ನಮ್ಮ ಮಧ್ಯದಲ್ಲಿಯೇ ಇದೆ. ಎಚ್‌ಐವಿ ಇದ್ದವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಅವರಲ್ಲಿ ಕಫ ಪರೀಕ್ಷೆಯ ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಾಣದೆ ತಪ್ಪಿಸಿಕೊಳ್ಳುವುದುಂಟು. ಆದ್ದರಿಂದ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವುಗಳಲ್ಲಿ ಒಂದಿದ್ದರೂ ಸಿಬಿನಾಟ್‌ನಂಥ ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಪೂರ್ಣಗೊಳ್ಳಲೇಬೇಕು. ಎಆರ್‌ಟಿ ಗುಳಿಗೆಗಳಂತೂ ಜೀವನಪರ್ಯಂತ. ಎರಡನ್ನೂ ಒಟ್ಟಿಗೆ ಸೇವಿಸುವಾಗ ಪ್ರಮಾಣ ಬದಲಾಗಬಹುದು; ಅದನ್ನು ವೈದ್ಯರೇ ನಿರ್ಧರಿಸಬೇಕು. ಎಆರ್‌ಟಿ ಆರಂಭದ ವಾರಗಳಲ್ಲಿ, ಚೇತರಿಸುವ ರೋಗನಿರೋಧಕ ಶಕ್ತಿಯ ಹೋರಾಟದಿಂದಲೇ ಜ್ವರ, ಗಂಟುಗಳು ಹೆಚ್ಚಬಹುದು. ಆಗ ಗುಳಿಗೆ ಬಿಡದೆ ಆಸ್ಪತ್ರೆಗೆ ಹೋಗಬೇಕು.

ಆಯುರ್ವೇದವು ರೋಗವನ್ನು ತಡೆಯುವ ಈ ಬಲವನ್ನು ವ್ಯಾಧಿಕ್ಷಮತ್ವವೆಂದೂ, ಸಾರವನ್ನು ಓಜಸ್ಸೆಂದೂ ಕರೆದಿದೆ. ಹಿತಮಿತ ಆಹಾರ, ನಿದ್ರೆ, ಮದ್ಯ ಹಾಗೂ ತಂಬಾಕಿನ ತ್ಯಾಗ ಇವು ಓಜಸ್ಸಿಗೆ ಪೋಷಕ. ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಹಸಿರು ಸೊಪ್ಪು, ಹಾಲು ಮೊಸರು ಉತ್ತಮ ಪಥ್ಯ. ಆದರೆ ಆಯುರ್ವೇದ ವೈದ್ಯರಾಗಿಯೇ ನಾವು ಖಚಿತವಾಗಿ ಹೇಳುತ್ತೇವೆ: ಅಮೃತಬಳ್ಳಿಯಾಗಲಿ ಬೇರಾವ ರಸಾಯನವಾಗಲಿ ಎಆರ್‌ಟಿಗೂ ಕ್ಷಯದ ಔಷಧಕ್ಕೂ ಬದಲಿಯಲ್ಲ. ಅವನ್ನು ಸೇವಿಸುವ ಮುನ್ನವೂ ಎಆರ್‌ಟಿ ವೈದ್ಯರಿಗೆ ತಿಳಿಸಬೇಕು.

ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋಗುವವರು ಔಷಧ ತಪ್ಪಿಸುವ ಅಪಾಯ ಹೆಚ್ಚು. ಊರು ಬಿಡುವ ಮುನ್ನ ಎಆರ್‌ಟಿ ಕೇಂದ್ರಕ್ಕೆ ತಿಳಿಸಿದರೆ, ಹೋದಲ್ಲಿಯೇ ಔಷಧ ದೊರೆಯುವ ವ್ಯವಸ್ಥೆಯಾಗುತ್ತದೆ. ಈ ಚಿಕಿತ್ಸೆ 2004ರಿಂದ ಸರಕಾರಿ ಕೇಂದ್ರಗಳಲ್ಲಿ ಉಚಿತ. ಸಂದೇಹಗಳಿಗೆ 1097 ಸಂಖ್ಯೆಗೆ ಕರೆ ಮಾಡಬಹುದು. 2017ರ ಕಾಯ್ದೆಯು ಸೋಂಕಿತರ ಗುಟ್ಟನ್ನು ಕಾಪಾಡುತ್ತದೆ, ತಾರತಮ್ಯವನ್ನು ನಿಷೇಧಿಸುತ್ತದೆ.

ನೆರೆಮನೆಯವರ ಹಂಗಿಸುವಿಕೆಗೆ ಅಂಜಿ ಗುಳಿಗೆಯನ್ನು ಬಚ್ಚಿಡುವವನು, ಕ್ರಮೇಣ ಅದನ್ನು ತಪ್ಪಿಸುತ್ತಾನೆ. ರೋಗ ಮರಳುವುದು ಹಾಗೆಯೇ. ಜಾತಿ ಮತಗಳ ಭೇದವೆಣಿಸದ ಶರಣ ಪರಂಪರೆಯ ಭಕ್ತರಾದ ನಾವು ರೋಗದ ಹೆಸರಿನಲ್ಲಿ ಭೇದವೆಣಿಸಬಾರದು. ಸೋಂಕಿತರೊಡನೆ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದರಿಂದ ಎಚ್‌ಐವಿ ಹರಡುವುದಿಲ್ಲ. ಅವರು ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವಂತೆ ಧೈರ್ಯ ತುಂಬುವುದೂ ದಾಸೋಹವೇ ಸರಿ.